ಚಾಪೆಯ ಮೇಲೆ ಟಾಯ್ಲೆಟ್ ಚಪ್ಪಲಿ

ಆ ಕೋಣೆಯಲ್ಲಿ ಒಂದೇ ಒಂದು ಕುರ್ಚಿ ಇರಲಿಲ್ಲ. ಮಂಚವಿಲ್ಲ, ಸೋಫಾ ಇಲ್ಲ, ಟೀವಿ ಇಲ್ಲ. ನೆಲದ ತುಂಬ ಒಣಹುಲ್ಲಿನ ವಾಸನೆಯ ದಪ್ಪ ಚಾಪೆ, ನಡುವೆ ಮೊಣಕಾಲೆತ್ತರಕ್ಕೂ ಬಾರದ ಮೇಜು, ಗೋಡೆಯ ಗೂಡಿನಲ್ಲಿ ಒಂಟಿ ಹೂವು. ಸ್ಯಾನ್ ಫ್ರಾನ್ಸಿಸ್ಕೋದ ಜಪಾನ್‌ಟೌನಿನಲ್ಲಿ, ಪಕ್ಕಾ ಜಪಾನೀ ಪದ್ಧತಿಯ ವಸತಿಗೃಹದಲ್ಲಿ ಒಂದು ವೀಕೆಂಡು ತಂಗಿದ್ದೆ ಎಂದರೆ ನಮ್ಮೂರು ಪ್ಲೆಸೆಂಟನ್ನಿನ ಗೆಳತಿಯರು ಈಗಲೂ ಕಣ್ಣರಳಿಸುತ್ತಾರೆ. "ಅಯ್ಯೋ, ಎಷ್ಟು ಪೀಸ್‌ಫುಲ್ ಆಗಿತ್ತೋ ಏನೋ ಅಲ್ವಾ!" ಪೀಸೂ ಇಲ್ಲ, ಮಣ್ಣೂ ಇಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದದ್ದು, ಅಷ್ಟು ಸಿಟ್ಟನ್ನು ಪಿಸುಮಾತಿನಲ್ಲೇ ಮುಗಿಸಬೇಕಾಗಿ ಬಂದದ್ದು ಅದೊಂದೇ ಸಲ.

ಇಲ್ಲಿ ಎಲ್ಲರ ತಲೆಯೂ ಸ್ವಲ್ಪ ತಿರುಗಿದ್ದ ಕಾಲ ಅದು. ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗರು ಹೆಸರಿನ ಕೊನೆಗೊಂದು ಡಾಟ್ ಕಾಮ್ ಅಂಟಿಸಿಕೊಂಡು ಕಂಪೆನಿ ತೆರೆಯುತ್ತಿದ್ದರು. ಕನ್ನಡದವರ ಪಾಟ್‌ಲಕ್ಕು ಊಟಗಳಲ್ಲಿ ಬಿಸಿಬೇಳೆಭಾತಿಗಿಂತ ಸ್ಟಾಕ್ ಆಪ್ಷನ್ನಿನ ಮಾತೇ ಹೆಚ್ಚು ಬಿಸಿಯಾಗಿರುತ್ತಿತ್ತು. ನನ್ನ ಯಜಮಾನರು ಆಗಲೇ ರಿಟೈರ್ ಆಗಿ, ಹಿತ್ತಲಲ್ಲಿ ಮೆಣಸಿನ ಗಿಡ ಬೆಳೆಸುತ್ತ, ನಾನು ಸಾರಿಗೆ ಉಪ್ಪು ಹಾಕುವುದನ್ನು ಸೂಪರ್‌ವೈಸ್ ಮಾಡುತ್ತ ಮನೆಯಲ್ಲಿದ್ದರು. ಅಷ್ಟರಲ್ಲಿ ಇಸವಿ ಎರಡು ಸಾವಿರದ ಭಯ ಶುರುವಾಯಿತು. ಹಳೆಯ ಕಂಪ್ಯೂಟರುಗಳು ಇಸವಿಯ ಕೊನೆಯ ಎರಡು ಅಂಕಿಯನ್ನು ಮಾತ್ರ ಓದುತ್ತವಂತೆ, ಸೊನ್ನೆ ಸೊನ್ನೆ ಬಂದರೆ ಎಲ್ಲ ತಲೆಕೆಳಗಾಗುತ್ತದಂತೆ. ಅದನ್ನು ಸರಿಮಾಡಲು ಆ ಹಳೆಯ ಪ್ರೋಗ್ರಾಮುಗಳನ್ನು ಬರೆದಿದ್ದ ಹಳೆಯ ತಲೆಗಳೇ ಬೇಕಾದವು. ಇವರಿಗೆ ಫೋನು ಬಂತು.

ಮನುಷ್ಯ ಹೇಗೆ ಚಿಗುರಿಬಿಟ್ಟರೆನ್ನುತ್ತೀರಿ! ಹೊಸ ಷರ್ಟುಗಳು ಬಂದವು. ಕೂದಲಿಗೆ ಡೈ ಬಂತು. ಬೆಳಗಾಗುವ ಮುಂಚೆ ಎದ್ದು, ನನ್ನ ಕಾಫಿ ಕುಡಿದು, ಫ್ರೀವೇ ಹಿಡಿದು, ಸೇತುವೆ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವುದು. ಸೇತುವೆಯ ಮೇಲೆ ಬೇಗ ಸಾಗುವ ಕಾರ್‌ಪೂಲ್ ಲೇನಿಗೆ ಒಂದು ಕಾರಿನಲ್ಲಿ ಮೂರು ಜನ ಬೇಕಲ್ಲ, ಅದಕ್ಕೆ ಸ್ಯಾನ್ ರಮೋನಿನ ಅಪಾರ್ಟ್‌ಮೆಂಟಿನಲ್ಲಿದ್ದ ಇಬ್ಬರು ಹುಡುಗಿಯರನ್ನು ಹತ್ತಿಸಿಕೊಳ್ಳುತ್ತಿದ್ದರು. ಒಬ್ಬಳು ಹಾಸನದವಳು, ಇನ್ನೊಬ್ಬಳು ಹುಬ್ಬಳ್ಳಿಯವಳು, ಇಬ್ಬರೂ ಅದೇ ಆಫೀಸು. "ಅಂಕಲ್ ಬಂದಿಲ್ಲಾಂದ್ರೆ ಆ ಕೋಡ್ ಯಾರಿಗೂ ಅರ್ಥ ಆಗಲ್ಲ ಆಂಟಿ" ಎಂದು ಹಾಸನದವಳು ಒಮ್ಮೆ ಫೋನಿನಲ್ಲಿ ಹೇಳಿದ್ದನ್ನು ಇವರು ಎಷ್ಟು ದಿನ ಮೆಲುಕು ಹಾಕಿದರೋ ಲೆಕ್ಕವಿಲ್ಲ.

ಆ ವೀಕೆಂಡು ಆಫೀಸಿನಲ್ಲಿ ದೊಡ್ಡ ಟೆಸ್ಟಿಂಗು. ಶನಿವಾರ ಬೆಳಗ್ಗೆ ಬೇಗ ಹಾಜರಿರಬೇಕು, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಉಳಿದುಕೊಳ್ಳಿ ಎಂದರಂತೆ ಆಫೀಸಿನವರು. ಯಾವುದೋ ಕಂಪ್ಯೂಟರ್ ಮೇಳವೆಂದು ಹೋಟೆಲುಗಳೆಲ್ಲ ಫುಲ್. ಕೊನೆಗೆ ಸಿಕ್ಕಿದ್ದು ಈ ವಸತಿಗೃಹ. "ನೀನೂ ಬಾರೇ, ಹನಿಮೂನ್ ಥರ ಇರತ್ತೆ" ಎಂದರು. ನಮ್ಮ ನಿಜವಾದ ಹನಿಮೂನು ಮಂಡ್ಯದಲ್ಲಿ ಅತ್ತೆಯವರ ಜೊತೆ ಹಪ್ಪಳ ಒತ್ತುವುದರಲ್ಲಿ ಕಳೆದಿತ್ತು. ಹಾಗಾಗಿ ನಾನೂ ಆಸೆಪಟ್ಟು, ಚಿತ್ರಾನ್ನ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಶುಕ್ರವಾರ ಮಧ್ಯಾಹ್ನ ಕಾರು ಹತ್ತಿದೆ. ದಾರಿಯುದ್ದಕ್ಕೂ ಇವರು ಡ್ರೈವ್ ಮಾಡುತ್ತ, ಹಿಂದಿನಿಂದ ಹಾರ್ನ್ ಹೊಡೆದವರಿಗೆಲ್ಲ ಕನ್ನಡದಲ್ಲಿ ಬೈದುಕೊಂಡು ಬಂದರು. ಎಂದಿನಂತೆ.

ಬಾಗಿಲಲ್ಲಿ ನಮ್ಮನ್ನು ಎದುರುಗೊಂಡವಳು ಆ ಮನೆಯ ಒಡತಿ. ನನ್ನದೇ ವಯಸ್ಸು, ಬೆಳ್ಳಗಿನ ಕೂದಲು, ಪುಟ್ಟ ಆಕೃತಿ. ಪಾಪ, ಜಪಾನಿನಿಂದ ಬಂದ ಹೆಂಗಸು, ಅರ್ಥವಾಗಲಿ ಎಂದು ನಾನು ನನ್ನ ಮೈಸೂರು ಕಾನ್ವೆಂಟಿನ ಇಂಗ್ಲಿಷನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ, ನಿಧಾನವಾಗಿ, ಜೋರಾಗಿ ಮಾತಾಡಿದೆ. ಆಕೆ ಎಲ್ಲ ಕೇಳಿಸಿಕೊಂಡು, "ನಾನು ಹುಟ್ಟಿದ್ದು ಇಲ್ಲೇ, ಫ್ರೆಸ್ನೋದಲ್ಲಿ, ಹನಿ. ಮಾಮೂಲಾಗೇ ಮಾತಾಡು" ಎಂದಳು. ಇವರು ಗೋಡೆ ಹಿಡಿದುಕೊಂಡು ನಕ್ಕರು.

ಆಮೇಲೆ ಚಪ್ಪಲಿಯ ಪಾಠ. ಬೀದಿಯ ಷೂ ಬಾಗಿಲಲ್ಲೇ ಬಿಡಬೇಕು. ಒಳಗೆ ಕಾರಿಡಾರಿಗೆ ಅವರು ಕೊಡುವ ಬಟ್ಟೆಯ ಚಪ್ಪಲಿ. ಕೋಣೆಯ ಚಾಪೆಯ ಮೇಲೆ ಅದೂ ಇಲ್ಲ, ಬರಿಗಾಲು. ಟಾಯ್ಲೆಟ್ಟಿಗೆ ಹೋದರೆ ಅದರ ಬಾಗಿಲಲ್ಲಿ ಬೇರೆ ನೀಲಿ ಪ್ಲಾಸ್ಟಿಕ್ ಚಪ್ಪಲಿ, ಅದು ಟಾಯ್ಲೆಟ್ಟಿನ ಹೊಸಿಲು ದಾಟಿ ಹೊರಬರಕೂಡದು. ನನಗೆ ಒಳಗೊಳಗೇ ಹೆಮ್ಮೆ. ಚಪ್ಪಲಿ ಹೊರಗೆ ಬಿಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮತ್ತೆಯವರ ಮಡಿಯ ಕೈಕೆಳಗೆ ಪಳಗಿದವಳಿಗೆ ಇದು ಯಾವ ಲೆಕ್ಕ? ಅಲ್ಲಿ ಒಗೆದ ಸೀರೆ ಯಾವ ಗಳುವಿನ ಮೇಲೆ, ಯಾವ ಕೋಲಿನಿಂದ ಎಂಬುದಕ್ಕೂ ಕಾನೂನಿತ್ತು. "ನಮ್ಮಲ್ಲೂ ಹೀಗೇ" ಎಂದು ಒಡತಿಗೆ ಹೇಳಿದೆ. "ಒಳ್ಳೇದು, ಅಮೆರಿಕನ್ನರಿಗೆ ಇದೊಂದು ತಲೆಗೆ ಹೋಗೋದೇ ಇಲ್ಲ" ಎಂದಳು ಆಕೆ, ಫ್ರೆಸ್ನೋದವಳು.

ಹತ್ತು ನಿಮಿಷವೂ ಆಗಿರಲಿಲ್ಲ. ಆಕೆ ಹಾಲು ಸಕ್ಕರೆ ಇಲ್ಲದ ಹಸಿರು ಟೀ ತಂದಿಟ್ಟು ಬಗ್ಗಿ ಏಳುವಾಗ, ಇವರು ಟಾಯ್ಲೆಟ್ಟಿನಿಂದ ಬಂದು, ಆ ನೀಲಿ ಚಪ್ಪಲಿಯನ್ನೇ ಮೆಟ್ಟಿಕೊಂಡು ಚಾಪೆಯ ನಟ್ಟನಡುವೆ ನಿಂತರು. ಒಡತಿಯ ಉಸಿರು ಒಳಕ್ಕೆ ಹೋದ ಶಬ್ದ ನನಗೆ ಕೇಳಿಸಿತು. ನನ್ನ ಮುಖ ಎಲ್ಲಿಡಲಿ?

"ರೀ! ಕಾಲು!"

"ಏನಾಯ್ತೇ?"

"ಚಪ್ಪಲಿ!"

ಇವರು ಬಗ್ಗಿ ನೋಡಿಕೊಂಡರು. ಆಮೇಲೆ ಹಾವು ಕಂಡವರಂತೆ ಹೊರಗೆ ಹಾರಿ, "ಸಾರಿ, ಸಾರಿ" ಎಂದು ಬಟ್ಟೆ ಕೇಳಿದರು ಒರೆಸಲು. ಒಡತಿ ಕೊಡಲಿಲ್ಲ. ತಾನೇ ತಂದು ತಾನೇ ಒರೆಸಿದಳು, ಒಂದು ಮಾತೂ ಆಡದೆ. ನಮ್ಮ ಕಾನ್ವೆಂಟಿನ ಮದರ್ ಬೈಯುವ ಬದಲು ಹೀಗೇ ಸುಮ್ಮನಿದ್ದು ಕೊಲ್ಲುತ್ತಿದ್ದರು.

ಊಟಕ್ಕೆ ಕೂತೆವು. ಕೂರುವುದೇನೋ ಕೂತರು, ಏಳುವಾಗ ಇವರು ಮೇಜಿಗೆ ಎರಡೂ ಕೈ ಊರಿ, ಎದ್ದು, ತೂರಾಡಿ, ಪಕ್ಕದ ಕಾಗದದ ಬಾಗಿಲಿಗೆ ಕೈ ಚಾಚಿದರು. ಇನ್ನೇನು ಹರಿಯಬೇಕಿತ್ತು. "ಹೊಟ್ಟೆ ಇಳಿಸ್ರೀ, ಎಷ್ಟು ಸಲ ಹೇಳೋದು" ಎಂದೆ. "ಕುರ್ಚಿ ಮೇಲೆ ಕೂತೂ ಕೂತೂ ಅಭ್ಯಾಸ ತಪ್ಪಿದೆ ಕಣೇ" ಎಂದರು. ಮನೆಯಲ್ಲಿ ಎಲ್ಲ ಕಡೆ ಹಿಡಿದುಕೊಳ್ಳಲು ಏನಾದರೊಂದು ಇರುತ್ತದೆ, ಡೈನಿಂಗ್ ಟೇಬಲ್ಲು, ಸೋಫಾದ ಬೆನ್ನು, ಕೌಂಟರು. ಇಲ್ಲಿ ಹಿಡಿಯಲು ಇದ್ದದ್ದು ಕಾಗದ ಮಾತ್ರ.

ಶನಿವಾರ ಬೆಳಗ್ಗೆ ಮತ್ತೆ ಅದೇ ಕಥೆ. ನೀಲಿ ಚಪ್ಪಲಿ ಚಾಪೆಯ ಮೇಲೆ. ಈ ಸಲ ಒಂದೇ ಕಾಲಲ್ಲಿ. ಇನ್ನೊಂದು ಕಾರಿಡಾರಿನ ನಡುವೆ ಕವುಚಿ ಬಿದ್ದಿತ್ತು, ಒಡತಿ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋದದ್ದನ್ನು ನಾನೇ ನೋಡಿದೆ. ನನಗೆ ತಡೆಯಲಾಗಲಿಲ್ಲ.

"ಏನ್ರೀ ಇದು, ಹಳ್ಳಿ ಗಮಾರರ ಥರ? ಕಾಲಲ್ಲಿ ಚಪ್ಪಲಿ ಇದೆಯೋ ಇಲ್ವೋ ಅನ್ನೋದೂ ಗೊತ್ತಾಗಲ್ವಾ ನಿಮಗೆ?"

"ತಲೇಲಿ ಟೆಸ್ಟಿಂಗ್ ಓಡ್ತಿದೆ ಕಣೇ. ಬಿಡು" ಎಂದು ಷೂ ಹಾಕಿಕೊಂಡು ಆಫೀಸಿಗೆ ಹೊರಟುಹೋದರು.

ಇಡೀ ದಿನ ನಾನೊಬ್ಬಳೇ ಆ ಕೋಣೆಯಲ್ಲಿ. ಗೋಡೆಗೆ ಒರಗಿ ಕೂರೋಣವೆಂದರೆ ಗೋಡೆಯೂ ಕಾಗದದ್ದು, ಒರಗುವಂಥದ್ದಲ್ಲ. ಬೆಳಗಿನ ತಿಂಡಿಯ ಸಾರಿನಲ್ಲಿ ಮೀನಿನ ವಾಸನೆ, ಅನ್ನವನ್ನು ಮಾತ್ರ ಚಟ್ನಿಪುಡಿಯ ಜೊತೆ ತಿಂದೆ. ದಿಂಬಿನೊಳಗೆ ಎಂಥದೋ ಹೊಟ್ಟು, ತಲೆ ತಿರುಗಿಸಿದರೆ ಸರಬರ ಸದ್ದು. ಪಕ್ಕದ ಕೋಣೆಯಲ್ಲಿ ಜರ್ಮನ್ ದಂಪತಿಗಳು; ಅವರು ಸೂಟ್‌ಕೇಸಿನ ಜಿಪ್ ಎಳೆದದ್ದೂ ನನ್ನ ಕಿವಿಯಲ್ಲೇ ಎಳೆದಂತಿತ್ತು. ಇವರಿಗೆ ಕೆಲಸವಿದೆ, ಕೆಲಸದಲ್ಲಿ ಮರ್ಯಾದೆಯಿದೆ, ನನಗೆ ಒಂಟಿ ಹೂವು. ಹನಿಮೂನಂತೆ!

ಸಂಜೆ ಇವರು ಬಂದಾಗ ಮುಖ ಬೆಳಗುತ್ತಿತ್ತು. ಟೆಸ್ಟಿಂಗು ಪಾಸಾಗಿತ್ತು. ಅದೇ ಹೊತ್ತಿಗೆ ಬಚ್ಚಲಮನೆಯ ನಮ್ಮ ಸರದಿ. ಅಲ್ಲಿ ಸೀಡರ್ ಮರದ ದೊಡ್ಡ ತೊಟ್ಟಿಯೊಂದಿತ್ತು. ಒಬ್ಬರಾದ ಮೇಲೊಬ್ಬರು ಅದೇ ನೀರಿನಲ್ಲಿ ಕೂರುವ ಪದ್ಧತಿ, ಅದಕ್ಕೆ ಮೊದಲು ಹೊರಗೆ ಸೋಪು ಹಚ್ಚಿ ಮೈ ತೊಳೆದುಕೊಂಡು ಬರಬೇಕು. ನೀರು ತುಂಬ ಕಾದಿರುತ್ತದೆ, ತಣ್ಣೀರು ಬಿಟ್ಟು, ಮರದ ಹಲಗೆಯಿಂದ ಕಲಕಿ, ಕೈಯಿಟ್ಟು ನೋಡಿಯೇ ಇಳಿಯಿರಿ ಎಂದು ಒಡತಿ ನಮಗೆ ಬಿಡಿಸಿ ಹೇಳಿದ್ದಳು. ನೆಲ ಜಾರುತ್ತದೆಂದು ನಾನೂ ಸೀರೆ ಎತ್ತಿಕಟ್ಟಿ, ಟವಲು ಹಿಡಿದು ಹಿಂದೆಯೇ ಹೋದೆ. ಸ್ನಾನದ ಹೊತ್ತಿಗೆ ಗಂಡನ ಎದುರು ನಿಂತದ್ದಕ್ಕೆ ಆ ವಯಸ್ಸಿನಲ್ಲೂ ನಾಚಿಕೆ. ನಮ್ಮ ಕಾನ್ವೆಂಟಿನಲ್ಲಿ ನಾವು ಷಿಮ್ಮೀಸು ತೊಟ್ಟುಕೊಂಡೇ ಸ್ನಾನ ಮಾಡಬೇಕಿತ್ತು.

ನಾನು ತಣ್ಣೀರಿನ ನಲ್ಲಿ ಹುಡುಕುತ್ತಿದ್ದೆ. ಇವರು ಒಡತಿ ಕೊಟ್ಟ ಹತ್ತಿಯ ಗೌನನ್ನು ಮೊಣಕಾಲಿಗೆ ಸುತ್ತಿ, ತೊಟ್ಟಿಯ ಅಂಚಿನಲ್ಲಿ ಕೂತು, ಎರಡೂ ಪಾದ ನೀರಿಗೆ ಇಳಿಬಿಟ್ಟು, ಟೆಸ್ಟಿಂಗಿನ ಕಥೆ ಶುರುಮಾಡಿದ್ದರು. "ಆ ಬ್ಯಾಚ್ ಓಡಿದ್ದೇ ಓಡಿದ್ದು, ಮ್ಯಾನೇಜರು ಬಂದು ಕೈ ಕುಲುಕಿದ ಕಣೇ..."

ನಾನು ನೀರಿಗೆ ಬೆರಳು ಅದ್ದಿದೆ. ಚುರಕ್ಕೆಂದಿತು. ಬೆರಳು ತಾನಾಗಿಯೇ ಬಾಯಿಗೆ ಹೋಯಿತು.

"ರೀ, ತೆಗೀರಿ ಕಾಲು! ಸುಡ್ತಿದೆ!"

"ಎಲ್ಲಿ? ಹದವಾಗಿದೆಯಲ್ಲ. ಕೈ ಕುಲುಕಿ ಏನಂದ ಅಂದ್ರೆ..."

ತೋಳು ಹಿಡಿದು ಎಳೆದೆ. ಪಾದಗಳೆರಡೂ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದವು. ಇವರು ಅವನ್ನು ಬೇರೆ ಯಾರದೋ ಪಾದವೆಂಬಂತೆ ನೋಡುತ್ತ ಕೂತಿದ್ದರು. ನಾನು ತಣ್ಣೀರು ಸುರಿದೆ. ಸುರಿಯುತ್ತಿದ್ದ ಹಾಗೇ ಏನೋ ಹೊಳೆದು ನನ್ನ ಕೈ ನಿಂತಿತು.

"ಕಣ್ಣು ಮುಚ್ಚಿ."

"ಯಾಕೇ?"

"ಮುಚ್ಚಿ ಅಂದ್ನಲ್ಲ."

ಮುಡಿಯಿಂದ ಹೇರ್‌ಪಿನ್ನು ತೆಗೆದೆ. ಬಲಗಾಲಿನ ಕಿರುಬೆರಳಿಗೆ ಒತ್ತಿದೆ. "ಯಾವ ಬೆರಳು ಮುಟ್ಟಿದೆ?"

ಇವರು ರೆಪ್ಪೆಯ ಸಂದಿಯಿಂದ ಇಣುಕಿದರು. ಟವಲನ್ನು ಮುಖದ ಮೇಲೆ ಹಾಕಿದೆ. ಅಂಗಾಲಿಗೆ ಒತ್ತಿದೆ. ಮಾತಿಲ್ಲ. ಹಿಮ್ಮಡಿಗೆ ಒತ್ತಿದೆ. ಮಾತಿಲ್ಲ. ಪಿನ್ನನ್ನು ಎತ್ತಿ ಕೈಯಲ್ಲೇ ಹಿಡಿದುಕೊಂಡು, ಎಲ್ಲೂ ಮುಟ್ಟದೆ, "ಈಗ?" ಎಂದೆ.

"ಹೆಬ್ಬೆರಳು" ಎಂದರು, ಟವಲಿನೊಳಗಿನಿಂದ, ಬಹಳ ಧೈರ್ಯವಾಗಿ.

ಮದುವೆಯಾದ ಹೊಸದರಲ್ಲಿ ಇವರು ನನ್ನನ್ನು ಮಂಡ್ಯದ ಕಬ್ಬಿನ ಗದ್ದೆಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಕಾನ್ವೆಂಟಿನ ಷೂ ಕಾಲಿನವಳು, ಬದುವಿನ ಮೇಲೆ ಎಡವುತ್ತಿದ್ದೆ. ಇವರು ಮುಂದೆ ಬರಿಗಾಲಲ್ಲಿ ನಡೆಯುತ್ತ, ಬಗ್ಗಿಯೂ ನೋಡದೆ, "ಇಲ್ಲಿಗೆ ಬೆಳಗ್ಗೆ ನೀರು ಬಿಟ್ಟಿದ್ದಾರೆ, ಇಲ್ಲಿಗಿನ್ನೂ ಬಿಟ್ಟಿಲ್ಲ" ಎನ್ನುತ್ತಿದ್ದರು. ನನಗೆ ಅದು ಮ್ಯಾಜಿಕ್ಕಿನ ಹಾಗೆ ಕಾಣುತ್ತಿತ್ತು. ಆ ಪಾದಗಳೇ ಇವು.

ಕೋಣೆಗೆ ಬಂದು ಬಾಗಿಲು ಸರಿಸಿದ ಮೇಲೆ ಕೇಳಿದೆ, ಎಷ್ಟು ದಿನದಿಂದ ಎಂದು. ಯುಗಾದಿಯ ಹೊತ್ತಿಗೆ ಬೆರಳುಗಳು ಜೋಮು ಹಿಡಿದಂತಾದವಂತೆ. ಆಮೇಲೆ ಜೋಮು ಮೇಲಕ್ಕೆ ಹತ್ತಿತಂತೆ. ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತು, ಮಾತ್ರೆ ನಾನೇ ಕೊಡುತ್ತಿದ್ದೆ. ಇದನ್ನು ಮಾತ್ರ ನನಗೂ ಹೇಳಿಲ್ಲ, ಡಾಕ್ಟರಿಗೂ ಹೇಳಿಲ್ಲ. ದೀಪಾವಳಿಗೆ ಅದೇ ಕಾಲಿಗೆ ಎಣ್ಣೆ ಒತ್ತಿಸಿಕೊಂಡು "ಆಹಾ, ಆಹಾ" ಎಂದಿದ್ದರಲ್ಲ!

"ಮತ್ತೆ ಬ್ರೇಕು?" ಎಂದೆ. "ಬ್ರೇಕು ಹೇಗ್ರೀ ಗೊತ್ತಾಗತ್ತೆ?"

"ಮೊಣಕಾಲಿಗೆ ಗೊತ್ತಾಗತ್ತೆ ಕಣೇ. ಕಾರು ನಿಂತ್ರೆ ಒತ್ತಿದೀನಿ ಅಂತ ಅರ್ಥ."

"ನಿಲ್ಲಲಿಲ್ಲ ಅಂದ್ರೆ?"

"ನಿಂತಿದೆಯಲ್ಲ ಇಲ್ಲೀವರೆಗೂ."

ಕಿರುಚಬೇಕೆನಿಸಿತು. ಕಾಗದದ ಗೋಡೆಯಾಚೆ ಜರ್ಮನ್ ಮನುಷ್ಯ ಪುಟ ಮಗುಚುವುದು ಕೇಳುತ್ತಿತ್ತು. ಕಾನ್ವೆಂಟಿನ ಡಾರ್ಮಿಟರಿಯಲ್ಲಿ ದೀಪವಾರಿಸಿದ ಮೇಲೆ ಜಗಳವಾಡಲು ಕಲಿತಿದ್ದ ಪಿಸುದನಿ ಅಷ್ಟು ವರ್ಷಗಳ ನಂತರ ಉಪಯೋಗಕ್ಕೆ ಬಂತು. ಆ ದನಿಯಲ್ಲಿ ಎಷ್ಟು ಬೈಯಬಹುದೋ ಅಷ್ಟೂ ಬೈದೆ. ಇಬ್ಬರು ಹೆಣ್ಣುಮಕ್ಕಳನ್ನು ದಿನಾ ಸೇತುವೆ ದಾಟಿಸುತ್ತೀರಲ್ಲ, ಅವರ ಅಪ್ಪ ಅಮ್ಮ ಹಾಸನದಲ್ಲಿ, ಹುಬ್ಬಳ್ಳಿಯಲ್ಲಿ ನಿಮ್ಮನ್ನು ನಂಬಿ ನಿದ್ದೆ ಮಾಡುತ್ತಿದ್ದಾರಲ್ಲ ಎಂದೆ. ಇವರು ಚಾಪೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದರು.

"ಜನವರಿ ಒಂದು ಕಳೀಲಿ. ಆಮೇಲೆ ಕೀ ನಿನ್ನ ಕೈಗೇ ಕೊಡ್ತೀನಿ" ಎಂದರು ಕೊನೆಗೆ. "ಈಗ ಡ್ರೈವ್ ಮಾಡಕ್ಕಾಗಲ್ಲ ಅಂದ್ರೆ ಮುದುಕ ಅಂತ ಮನೆಗೆ ಕಳಿಸ್ತಾರೆ. ಇನ್ನೊಂದು ಸಲ ಯಾರೂ ಕರೆಯಲ್ಲ ಕಣೇ ನನ್ನ."

ನಾನು ದಿಂಬನ್ನು ಗೋಡೆಯ ಕಡೆ ಎಳೆದುಕೊಂಡು ಮಲಗಿದೆ. ತಲೆ ಅಲುಗಿದಾಗಲೆಲ್ಲ ಅದರೊಳಗಿನ ಹೊಟ್ಟು ಸರಬರ ಎಂದದ್ದಕ್ಕೂ ಸಿಟ್ಟು ಬಂತು.

ಭಾನುವಾರ ಬೆಳಗ್ಗೆ ಎರಡೂ ಪಾದಗಳ ಮೇಲೆ ಬೊಬ್ಬೆ ಎದ್ದಿದ್ದವು. ಒಡತಿ ನೋಡಿ, "ತಣ್ಣೀರು ಬಿಟ್ಟು ಕಲಕಿ ಎಂದಿದ್ದೆನಲ್ಲ?" ಎಂದು ಗೊಣಗುತ್ತಲೇ ಗಾಜ್ ಬಟ್ಟೆ ತಂದುಕೊಟ್ಟಳು. ಬಟ್ಟೆ ಸುತ್ತಿದ ಪಾದ ಷೂಗೆ ಇಳಿಯಲಿಲ್ಲ, ಚಪ್ಪಲಿ ತೂರಿಸಿಕೊಂಡರು. ಸೂಟ್‌ಕೇಸು ಹಿಡಿದು ಪಾರ್ಕಿಂಗಿಗೆ ಇಳಿದೆವು. ಇವರು ಡ್ರೈವರ್ ಸೀಟಿನ ಬಾಗಿಲು ತೆರೆದರು. ನಾನು ಬಾನೆಟ್ಟಿನ ಮುಂದೆ ಹೋಗಿ ನಿಂತುಕೊಂಡೆ.

"ಹತ್ತು."

"ಹತ್ತಲ್ಲ. ಕೀ ಕೊಡಿ."

"ನೀನು ಓಡಿಸ್ತೀಯಾ ಬ್ರಿಡ್ಜ್ ಮೇಲೆ? ಗ್ರೋಸರಿಗೆ ಹೋಗಿ ಬರಕ್ಕೇ ನಿಂಗೆ ಬೆವರು ಬರತ್ತೆ."

ಅದು ನಿಜ. ನನ್ನ ಲೈಸೆನ್ಸು ಗ್ರೋಸರಿ ಮತ್ತು ದೇವಸ್ಥಾನಕ್ಕೆ ಮಾತ್ರ. ನಿಜವಾದ್ದರಿಂದಲೇ ಕಣ್ಣಲ್ಲಿ ನೀರು ಬಂತು. "ಆ ಹುಡುಗಿಯರಿಗೆ ಫೋನ್ ಮಾಡಿ ಹೇಳಿಬಿಡ್ತೀನಿ, ನಾಳೆಯಿಂದ ಈ ಕಾರು ಹತ್ತಬೇಡಿ ಅಂತ" ಎಂದೆ. ಇವರು ತಡೆಯುತ್ತಾರೆ ಎಂದುಕೊಂಡಿದ್ದೆ. ತಡೆಯಲಿಲ್ಲ. ಸೆಲ್ ಫೋನನ್ನು ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟು ಬೇರೆ ಕಡೆ ನೋಡಿದರು. ಆಗಲೇ ನನಗೆ ಏನೋ ಸರಿಯಿಲ್ಲ ಎನಿಸಿತು.

ಹುಬ್ಬಳ್ಳಿಯ ಹುಡುಗಿ ಆ ದಿನವೂ ಆಫೀಸಿನಲ್ಲೇ ಇದ್ದಳು, ಬೆಳಗ್ಗೆ ಟ್ರೇನಿನಲ್ಲಿ ಬಂದಿದ್ದಳು. ನಾನು ತಡವರಿಸುತ್ತ ಅಂಕಲ್ ಕಾಲಿನ ವಿಷಯ ಹೇಳಿದೆ.

"ಆಂಟಿ, ಅಂಕಲ್ ನಿಮಗ ಹೇಳೇ ಇಲ್ಲೇನ್ರಿ?"

"ಏನಮ್ಮಾ?"

"ಮೂರ್ ತಿಂಗಳಾತ್ರಿ, ಗಾಡಿ ನಾವಿಬ್ರೇ ಹೊಡಿಯಾಕತ್ತೇವಿ. ಸ್ಯಾನ್ ರಮೋನ್‌ತನಕ ಅಂಕಲ್ ತರ್ತಾರ್ರಿ, ಅಲ್ಲಿಂದ ನಾವು. ಕಾಲಿನ್ಯಾಗ ಜೀವಿಲ್ಲ, ನಿಮ್ಮನ್ನ ಕೂಡಿಸ್ಕೊಂಡು ಹೊಡಿಯಾಕ ಅಂಜಿಕಿ ಆಗ್ತೈತವಾ ಅಂದ್ರು. ನಿಮಗ ಗೊತ್ತೈತಿ ಅಂತ ತಿಳ್ಕೊಂಡಿದ್ವಿರೀ. ನೀವ್ ಅಲ್ಲೇ ಇರ್ರಿ, ನಾನ ಬಂದು ಗಾಡಿ ಹೊಡಿತೇನಿ."

ನಾನು ಫೋನು ಕಿವಿಗೆ ಹಿಡಿದುಕೊಂಡೇ ಇವರ ಕಡೆ ತಿರುಗಿದೆ. ಆಫೀಸಿಗೆ ಹೇಳಿಲ್ಲ, ಡಾಕ್ಟರಿಗೆ ಹೇಳಿಲ್ಲ, ನಿನ್ನೆ ಮೊನ್ನೆ ಪರಿಚಯವಾದ ಎರಡು ಮಕ್ಕಳಿಗೆ ಹೇಳಿದ್ದಾರೆ.

"ಅವರನ್ನ ಕೂರಿಸಿಕೊಂಡು ಓಡಿಸಕ್ಕೆ ಭಯ. ಶುಕ್ರವಾರ ನನ್ನ ಕೂರಿಸಿಕೊಂಡು ಅದೇ ಬ್ರಿಡ್ಜ್ ಮೇಲೆ ಬಂದ್ರಲ್ಲ, ಆಗ ಇರಲಿಲ್ವಾ ಭಯ?"

"ಇತ್ತು" ಎಂದರು.

"ಮತ್ತೆ?"

"ನಿಂಗೆ ಹೇಳೋದಕ್ಕೆ ಇನ್ನೂ ಜಾಸ್ತಿ ಇತ್ತು." ಆಮೇಲೆ, "ನೀನು ಮುಖ ಹಾಗೆ ಮಾಡ್ತೀಯಲ್ಲ, ಈಗ ಮಾಡಿದೀಯಲ್ಲ, ಅದನ್ನ ನೋಡಕ್ಕಾಗಲ್ಲ ನಂಗೆ."

ನಾನು ಯಾವ ಮುಖ ಮಾಡಿದ್ದೆನೋ! ಕನ್ನಡಿ ನೋಡಿಕೊಳ್ಳಲಿಲ್ಲ. ಕೈ ಚಾಚಿದೆ. ಕೀ ಕೊಟ್ಟರು. ಸೋಮವಾರ ಡಾಕ್ಟರ ಹತ್ತಿರ ಹೋಗುವುದು, ಮನೆಯಿಂದ ಸ್ಯಾನ್ ರಮೋನಿಗೂ ಇನ್ನು ಸ್ಟಿಯರಿಂಗ್ ಮುಟ್ಟದಿರುವುದು, ಬೇಕಾದರೆ ಹುಡುಗಿಯರೇ ಪ್ಲೆಸೆಂಟನ್ನಿಗೆ ಬಂದು ಕರೆದುಕೊಂಡು ಹೋಗುವುದು, ಇಷ್ಟನ್ನೂ ನಾನು ಹೇಳಿದೆ. ಎಲ್ಲದಕ್ಕೂ ಇವರು ಹೂಂ ಎಂದರು. ಅಷ್ಟು ಸಲೀಸಾಗಿ ಹೂಂ ಎಂದದ್ದಕ್ಕೂ ನನಗೆ ಸಮಾಧಾನವಾಗಲಿಲ್ಲ. ಯುಗಾದಿಯಲ್ಲಿ ಒಂದು ಮಾತು ಹೇಳಿದ್ದರೆ ಆಗಲೇ ಇದೆಲ್ಲ ಆಗುತ್ತಿರಲಿಲ್ಲವೇ?

ಒಡತಿ ಬಂದು, ಮಧ್ಯಾಹ್ನದ ಗೆಸ್ಟುಗಳಿಗೆ ಪಾರ್ಕಿಂಗ್ ಬೇಕು, ಎಷ್ಟು ಹೊತ್ತು ಎಂದು ಕೇಳಿದಳು. ಹುಡುಗಿ ಬರುವವರೆಗೆ ಕಾರಿನೊಳಗೆ ಕೂತೆವು. ನಾನು ಉಳಿದ ಚಪಾತಿಯ ಡಬ್ಬಿ ತೆರೆದು ಅವರ ಮುಂದೆ ಹಿಡಿದೆ. ಒಂದು ತೆಗೆದುಕೊಂಡರು.

ಹುಬ್ಬಳ್ಳಿಯ ಹುಡುಗಿ ಬೆನ್ನಿಗೊಂದು ಚೀಲ ಹಾಕಿಕೊಂಡು ಓಡಿಕೊಂಡು ಬಂದಳು. ನನಗೆ ನಮಸ್ಕಾರ ಮಾಡಿ, ಕೇಳದೆಯೇ ಡ್ರೈವರ್ ಸೀಟನ್ನು ತನ್ನ ಅಳತೆಗೆ ಮುಂದಕ್ಕೆಳೆದು, ಕನ್ನಡಿ ತಿರುಗಿಸಿಕೊಂಡಳು. ಇವರೂ ಕೇಳದೆಯೇ ಅವಳ ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಅದು ಇವರಿಬ್ಬರ ದಿನದ ಜಾಗ. ನನಗೆ ಉಳಿದದ್ದು ಹಿಂದಿನ ಸೀಟು. ನಮ್ಮದೇ ಕಾರಿನಲ್ಲಿ ನಾನು ಹಿಂದೆ ಕೂತದ್ದು ಅದೇ ಮೊದಲು.

"ಬಲಕ್ಕೆ ತಗೋಮ್ಮ, ಅವನು ಬಿಡಲ್ಲ, ನೀನೇ ನುಗ್ಗು" ಎಂದರು ಇವರು.

"ನುಗ್ಗತೇನ್ರಿ ಅಂಕಲ್, ನೀವ್ ಸುಮ್ ಕುಂದರ್ರಿ" ಎಂದಳು ಅವಳು. ಇಬ್ಬರೂ ನಕ್ಕರು. ಆಮೇಲೆ ನನ್ನ ನೆನಪಾಗಿ ಇಬ್ಬರೂ ನಗು ನಿಲ್ಲಿಸಿದರು.

ಸೇತುವೆಯ ಮೇಲೆ ಟ್ರಾಫಿಕ್ಕು ದಟ್ಟವಾಗಿತ್ತು. ಅವಳು ಚೆನ್ನಾಗಿಯೇ ಓಡಿಸುತ್ತಿದ್ದಳು. ಮುಂದಿನ ಕಾರಿನ ಕೆಂಪು ದೀಪ ಹತ್ತಿದಾಗಲೆಲ್ಲ, ಅವಳು ಬ್ರೇಕು ಒತ್ತುವ ಮೊದಲೇ, ಪಕ್ಕದ ಸೀಟಿನ ಮುಂದೆ ಬಿಳಿ ಬಟ್ಟೆ ಸುತ್ತಿದ ಒಂದು ಬಲಪಾದ ನೆಲವನ್ನು ಒತ್ತುತ್ತಿತ್ತು. ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ನಾನು ಹಿಂದಿನಿಂದ ಅದನ್ನೇ ನೋಡುತ್ತಿದ್ದೆ. ತಾವು ಒತ್ತುತ್ತಿದ್ದೇವೆಂದು ಇವರಿಗೆ ಗೊತ್ತಾಗುತ್ತಿತ್ತೋ ಇಲ್ಲವೋ ಎಂದು ಕೇಳಬೇಕೆನಿಸಿತು. ಆ ಹುಡುಗಿಯ ಎದುರಿಗೆ ಕೇಳಲು ಮನಸ್ಸಾಗದೆ, ಡಬ್ಬಿಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಕೂತೆ.